ಒಂದೂವರೆ ಲೋಟ

ಜೂನ್ 2, 2024, ಭಾನುವಾರ

ಈ ಡೈರಿ ಸಾಲಿಗ್ರಾಮದ ಜೀನಸಿ ಅಂಗಡಿಯವರು ವರ್ಷ ವರ್ಷ ನನಗೆ ಸಲ್ಲಿಸುವ ಕಾಣಿಕೆ. ಇಲ್ಲಿಯವರೆಗೆ ಇದರಲ್ಲಿ ತೊಗರಿಬೇಳೆ, ಸೌತೆಕಾಯಿ, ಬೆಲ್ಲ ಇವುಗಳ ಜೀವನಚರಿತ್ರೆ ಮಾತ್ರ ದಾಖಲಾಗುತ್ತಿತ್ತು. ಇಂದಿನಿಂದ ಅಡುಗೆಯ ಕಮಲಾಕ್ಷ ಹೊಳ್ಳನದೂ ದಾಖಲಾಗತಕ್ಕದ್ದು ಎಂದು ಆಜ್ಞೆಯಾಗಿದೆ. ಆಜ್ಞೆ ಹೊರಡಿಸಿದವರು ಭಾರತೀಯ ಸೇನೆಯ ಒಬ್ಬ ಮೇಜರ್, ಸೇನಾ ಆಸ್ಪತ್ರೆಯ ಒಬ್ಬ ದಾದಿ ಮತ್ತು ನನ್ನ ಹೆಂಡತಿ. ಮೂವರೂ ಒಬ್ಬಳೇ. ಹೆಸರು ಮೂಕಾಂಬಿಕಾ. ಮದುವೆಗೆ ಮೊದಲು ನಾನು ಆ ಹೆಸರಿನ ಮೊದಲೆರಡು ಅಕ್ಷರ ನಂಬಿ ಮೋಸಹೋದವನು.

ಮೊನ್ನೆ ಶುಕ್ರವಾರ ಅವಳು ದಿಲ್ಲಿಯಿಂದ ದಕ್ಷಿಣ ಸುಡಾನಿಗೆ ಹಾರಿದಳು. ಅಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ಆಸ್ಪತ್ರೆಯಲ್ಲಿ ಒಂದು ವರ್ಷದ ಕೆಲಸ. ವಿಮಾನ ಹತ್ತುವ ಮೊದಲು ಫೋನಿನಲ್ಲಿ ಹೇಳಿದ ಕೊನೆಯ ಮಾತು ಇದು: "ಹ್ವಾಯ್, ಮನ್ಸಲ್ಲಿದ್ದದ್ದ್ ನಿಮ್ ಬಾಯಿಗ್ ಬತ್ತಿಲ್ಲೆ. ಬರ್ದಾರೂ ಇಡಿ."

ಮದುವೆಯಾಗಿ ಹನ್ನೆರಡು ವರ್ಷ. ಅವಳು ಸೇನೆ ಕಳಿಸಿದ ಊರಿನಲ್ಲಿ, ನಾನು ಊಟದ ಮನೆಯವರು ಕರೆದ ಊರಿನಲ್ಲಿ. ಮಗಳು ಅನ್ವಿತಾ ಬೆಳೆದದ್ದು ಅಮ್ಮನ ಜೊತೆ. ಈಚಿನ ಐದು ವರ್ಷ ಬೆಳಗಾವಿಯ ಕ್ವಾರ್ಟರ್ಸಿನಲ್ಲಿ. ಈಗ ಅಮ್ಮ ಹೋದ ಕಡೆಗೆ ಮಕ್ಕಳು ಹೋಗುವಂತಿಲ್ಲ. ಆದ್ದರಿಂದ ಎರಡು ಟ್ರಂಕು, ಒಂದು ಸೈಕಲ್ಲು ಮತ್ತು ಹತ್ತು ವರ್ಷದ ಒಂದು ಹುಡುಗಿ ಸಾಸ್ತಾನದ ಟೋಲ್ ಗೇಟಿನ ಹತ್ತಿರದ ನನ್ನ ಮನೆಗೆ ಬಂದು ಇಳಿದಿವೆ.

ಇವತ್ತು ಮೊದಲ ಅಡುಗೆ. ಚರಿತ್ರೆಗಾಗಿ ದಾಖಲಿಸುತ್ತೇನೆ: ಬ್ರಹ್ಮಾವರದಿಂದ ಬೈಂದೂರಿನವರೆಗೆ ಇಪ್ಪತ್ತೆರಡು ವರ್ಷ ಅಡುಗೆ ಮಾಡಿದ್ದೇನೆ, ದೇವಸ್ಥಾನದ ಎರಡು ಸಾವಿರ ಎಲೆಯ ಬ್ರಹ್ಮಕಲಶಕ್ಕೂ ಸೌಟು ಹಿಡಿದಿದ್ದೇನೆ, ಹೊಳ್ಳರ ಅಡುಗೆಯಲ್ಲಿ ಅನ್ನ ಕಡಿಮೆ ಬಿತ್ತು ಎಂಬ ಮಾತು ಯಾರ ಬಾಯಿಂದಲೂ ಬಂದದ್ದಿಲ್ಲ. ಆದರೆ ಇಬ್ಬರಿಗೆಂದು ಮಾಡಿ ಗೊತ್ತಿಲ್ಲ. ಒಬ್ಬನೇ ಇದ್ದಾಗ ಕೆಲಸದ ಮನೆಯಿಂದ ಕಟ್ಟಿಸಿಕೊಂಡು ಬಂದದ್ದೇ ಎರಡು ಹೊತ್ತಿಗೆ ಆಗುತ್ತಿತ್ತು. ಇಂದು ಕೈಯನ್ನು ಎಷ್ಟು ಬಿಗಿಹಿಡಿದರೂ ಸೌತೆಕಾಯಿ ಹುಳಿ ಹದಿನಾರು ಜನಕ್ಕಾಯಿತು. ಪಕ್ಕದ ಮನೆಯ ಶ್ರೀಲತಾ ಒಂದು ಪಾತ್ರೆ ಒಯ್ದರು. ಮೀನು ಮಾರಿ ಹಿಂದಿರುಗುತ್ತಿದ್ದ ಸೀತು ಬುಟ್ಟಿ ಕೆಳಗಿಟ್ಟು ತನ್ನ ಬುತ್ತಿ ಡಬ್ಬಿ ಒಡ್ಡಿದಳು. ಇನ್ನೊಂದಷ್ಟನ್ನು ಟೋಲ್ ಗೇಟಿನವರಿಗೆ ಕಳಿಸಿದೆ. ಹುಳಿಗೆ ಟೋಲ್ ಇಲ್ಲ ಎಂದು ಇಂದು ತಿಳಿಯಿತು.

ಅನ್ವಿತಾ ಒಲೆಯ ಬದಿಯಲ್ಲಿ ನಿಂತು ಎಲ್ಲ ನೋಡಿ, "ಪಪ್ಪಾ, ಮೆಹಮಾನ್ ಎಷ್ಟ್ ಜನ ಬರ್ತಾರೆ?" ಎಂದು ಕೇಳಿದಳು. ನೆಂಟರು ಯಾರೂ ಇಲ್ಲ, ನಾವಿಬ್ಬರೇ ಎಂದೆ. ಅವಳು ಹುಳಿಯನ್ನು ನೋಡಿದಳು, ನನ್ನನ್ನು ನೋಡಿದಳು, ಮತ್ತೇನೂ ಕೇಳಲಿಲ್ಲ. ಸೇನೆಯ ಶಿಸ್ತು.

ಬಡಿಸಿಯಾದ ಮೇಲೆ ಅಭ್ಯಾಸಬಲದಿಂದ ಅವಳ ಎಲೆಯ ಮುಂದೆ ಕೈಮುಗಿದು "ಸಾವಕಾಶ ಆಯ್ಲಿ" ಎಂದೆ. ಪಂಕ್ತಿಯ ಉದ್ದಕ್ಕೂ ನಡೆಯುತ್ತ, ಅವಸರ ಬೇಡ, ನಿಧಾನ ಉಣ್ಣಿ ಎಂದು ಊಟಕ್ಕೆ ಕೂತವರಿಗೆ ಹೇಳುವ ಉಪಚಾರದ ಮಾತು. ಮದುವೆಯ ದಿನ ನನ್ನ ಬಾಯಿಂದ ಅದು ಐನೂರು ಸಲ ಬೀಳುತ್ತದೆ. ಅನ್ವಿತಾ ಹಿಂದೆ ತಿರುಗಿ, ನಾನು ಯಾರಿಗೆ ಹೇಳಿದೆ ಎಂದು ನೋಡಿದಳು.

ಜೂನ್ 5, ಬುಧವಾರ

ಮೂರು ದಿನದಿಂದ ಒಂದೇ ಹುಳಿ. ಇಂದು ಬೆಳಿಗ್ಗೆ ನಾನು ಸೇರು ಹಿಡಿದು ಅಕ್ಕಿ ಡಬ್ಬಿಗೆ ಕೈಹಾಕುವಷ್ಟರಲ್ಲಿ ಅನ್ವಿತಾ ತನ್ನ ಟ್ರಂಕು ತೆರೆದು ಒಂದು ಸ್ಟೀಲ್ ಲೋಟ ತಂದಳು. ಅಂಚಿನಲ್ಲಿ ಒಂದು ತಗ್ಗು ಬಿದ್ದ ಹಳೆಯ ಲೋಟ. ಬೆಳಗಾವಿಯಲ್ಲಿ ಅಮ್ಮ ಅದರಲ್ಲೇ ಅಕ್ಕಿ ಅಳೆಯುವುದಂತೆ. "ಇಬ್ಬರಿಗೆ ದೇಢ್ ಲೋಟ," ಎಂದಳು. ಒಂದೂವರೆ.

ಎರಡು ಸಾವಿರ ಎಲೆಗೆ ಅಳೆದ ಕೈಗೆ ಹತ್ತು ವರ್ಷದ ಹುಡುಗಿ ಲೋಟ ಕೊಡುವುದೆಂದರೆ ಅವಮಾನವೇ. ನುಂಗಿಕೊಂಡೆ. ಒಂದೂವರೆ ಲೋಟ ಹಾಕಿದೆ. ಇಬ್ಬರಿಗೂ ಸರಿಯಾಯಿತು, ಒಂದು ಅಗುಳು ಉಳಿಯಲಿಲ್ಲ.

ಆದರೆ ಊಟದ ನಡುವೆ ಪಾತ್ರೆಯ ತಳ ಕಂಡಾಗ ಯಾರಿಗೂ ಕಾಣದಂತೆ ಮುಚ್ಚಳ ಹಾಕಿದೆ. ಪಂಕ್ತಿ ಕೂತಿರುವಾಗ ತಳ ಕಾಣಬಾರದು ಎಂದು ಗುರುಗಳು ಹೇಳಿಕೊಟ್ಟದ್ದು. ಇನ್ನು ಬೇಕಾ, ಇನ್ನು ಬೇಕಾ ಎಂದು ಮೂರು ಸಲ ಕೇಳಿದೆ. ಬೇಕು ಎಂದಿದ್ದರೆ ಎಲ್ಲಿಂದ ತರುತ್ತಿದ್ದೆನೋ. ಪುಣ್ಯಕ್ಕೆ ಬೇಡ ಎಂದಳು.

ಜೂನ್ 18, ಮಂಗಳವಾರ

ಚಪಾತಿ ಮಾಡಲು ಪ್ರಯತ್ನಿಸಿದೆ. ಮೊದಲನೆಯದು ಆಫ್ರಿಕಾ ಖಂಡದ ಆಕಾರದಲ್ಲಿ ಬಂತು. ಅನ್ವಿತಾ ಅದರ ಮೇಲೆ ಬೆರಳಿಟ್ಟು, ಅಮ್ಮ ಇಲ್ಲಿದ್ದಾಳೆ ಎಂದು ತೋರಿಸಿದಳು. ಆಮೇಲೆ ಆ ಜಾಗವನ್ನು ಬಿಟ್ಟು ಸುತ್ತಲಿನದನ್ನು ತಿಂದಳು.

ಜುಲೈ 21, ಭಾನುವಾರ

ಆಸಾಡಿ. ಊರಿಗೆಲ್ಲ ಆಸಾಡಿಯಲ್ಲಿ ಹೊಸ ಗಂಡಹೆಂಡಿರು ಬೇರೆ. ಸೊಸೆಯನ್ನು ತವರಿಗೆ ಕಳಿಸಿ ಶಾಸ್ತ್ರ ಪಾಲಿಸುತ್ತಾರೆ. ನಮ್ಮ ಸಂಸಾರ ಮಾತ್ರ ತಿರುಗುಮುರುಗು. ಆಸಾಡಿಯಲ್ಲಿ ಮದುವೆಯಿಲ್ಲ, ಉಪನಯನವಿಲ್ಲ, ಆದ್ದರಿಂದ ನನಗೆ ಅಡುಗೆಯಿಲ್ಲ. ಹನ್ನೆರಡು ವರ್ಷವೂ ಈ ಒಂದು ತಿಂಗಳು ಹಲಸಿನ ಹಪ್ಪಳದ ಕಟ್ಟು ಹಿಡಿದು ಬಸ್ಸು ಹತ್ತಿ ಅವಳಿದ್ದಲ್ಲಿಗೆ ಹೋಗುತ್ತಿದ್ದೆ. ಉಳಿದ ಹನ್ನೊಂದು ತಿಂಗಳು ನಾನು ಅಡುಗೆಯವನು, ಆಸಾಡಿಯಲ್ಲಿ ಗಂಡ.

ಹೋದಲ್ಲಿ ಸುಮ್ಮನೆ ಕೂರುವ ಜಾತಿಯಲ್ಲ ನಾನು. ಅಡುಗೆಮನೆ ವಶಪಡಿಸಿಕೊಳ್ಳುತ್ತಿದ್ದೆ. ಮೂವರಿಗೆ ಎಂದು ಶುರುವಾದದ್ದು ಕ್ವಾರ್ಟರ್ಸಿನ ಮೂರು ಸಾಲಿಗೆ ಮುಗಿಯುತ್ತಿತ್ತು. ಒಬ್ಬ ಕರ್ನಲ್ ನನ್ನ ಕೆಸುವಿನೆಲೆಯ ಪತ್ರೊಡೆ ತಿಂದು ಸೆಲ್ಯೂಟ್ ಹೊಡೆದದ್ದುಂಟು.

ಈ ಸಲ ಚೀಲ ಅಟ್ಟದಲ್ಲೇ ಇದೆ. ಹಪ್ಪಳ ಮಾತ್ರ ಅಭ್ಯಾಸಬಲದಿಂದ ಎಂಬತ್ತು ಮಾಡಿಬಿಟ್ಟಿದ್ದೇನೆ.

ಆಗಸ್ಟ್ 15, ಗುರುವಾರ

ಅವಳು ಒಂದು ಫೋಟೋ ಕಳಿಸಿದಳು. ನೀಲಿ ಟೋಪಿ, ಕೆಂಪು ಮಣ್ಣು, ಹಿಂದೆ ಬಿಳಿ ಡೇರೆ, ಕಡ್ಡಿಯಂತೆ ನೆಟ್ಟಗೆ ನಿಂತ ನನ್ನ ಹೆಂಡತಿ. ಅಲ್ಲಿಯ ಗಡಿಯಾರ ನಮಗಿಂತ ಮೂರೂವರೆ ಗಂಟೆ ಹಿಂದೆ. ಜೀವನದಲ್ಲಿ ಮೊದಲ ಸಲ ನಾನು ಅವಳಿಗಿಂತ ಮುಂದಿದ್ದೇನೆ.

ಮೀನಿನ ಸೀತುವಿಗೆ ಫೋಟೋ ತೋರಿಸಿದೆ. ಅವಳು ಬುಟ್ಟಿ ಇಳಿಸದೆಯೇ ಬಗ್ಗಿ ನೋಡಿ, ಅಮ್ಮ ಅಲ್ಲಿ ಯಾರೊಟ್ಟಿಗೆ ಯುದ್ಧ ಮಾಡುವುದು ಎಂದು ಕೇಳಿದಳು. ಯುದ್ಧವಲ್ಲ ಮಾರಾಯ್ತಿ, ಹೊಡೆದಾಡುವ ಎರಡು ಕಡೆಯವರ ಮಧ್ಯೆ ಶಾಂತಿ ಕಾಯುವುದು, ಇವಳು ಗಾಯವಾದವರನ್ನು ನೋಡಿಕೊಳ್ಳುವುದು ಎಂದು ವಿವರಿಸಿದೆ. ಸೀತು ತಲೆಯ ಮೇಲಿನ ಬುಟ್ಟಿ ಸರಿಪಡಿಸಿಕೊಂಡಳು.

"ಶಾಂತಿ ಕಾಯುಕ್ ಅಷ್ಟ್ ದೂರ ಎಂತಕ್ ಹೋಯ್ಕ್ ಭಟ್ರೇ? ನಮ್ಮನಿಗ್ ಬಪ್ಪುಕ್ ಹೇಳಿ. ಎರಡ್ ಸೊಸೆಯಕ್ಕಳ್, ಒಂದೇ ಒಲಿ."

ಇದನ್ನು ಮೇಜರರಿಗೆ ವರದಿ ಮಾಡಿದೆ. ಸೀತುವಿನ ಮನೆಗೆ ಪಡೆ ಕಳಿಸಲು ವಿಶ್ವಸಂಸ್ಥೆಗೂ ಧೈರ್ಯ ಸಾಲದು ಎಂಬ ಉತ್ತರ ಬಂತು.

ಸೆಪ್ಟೆಂಬರ್ 26, ಗುರುವಾರ

ಫೋನ್ ಬರಲಿಲ್ಲ. ಟವರ್ ಕೆಟ್ಟಿರಬೇಕು.

ಸೆಪ್ಟೆಂಬರ್ 27

ಬರಲಿಲ್ಲ. ಅನ್ವಿತಾ ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೀರೆಕಾಯಿ ಸಿಪ್ಪೆ ಚಟ್ನಿ.

ಸೆಪ್ಟೆಂಬರ್ 28

ಇಲ್ಲ.

ಸೆಪ್ಟೆಂಬರ್ 29, ಭಾನುವಾರ

ಬಂತು. ಪ್ರವಾಹದಿಂದ ಮೂರು ದಿನ ಸಂಪರ್ಕ ಇರಲಿಲ್ಲವಂತೆ. ಏಳು ನಿಮಿಷ ಮಾತು. ಅದರಲ್ಲಿ ನಾಲ್ಕು ಅನ್ವಿತಾಳ ಬಗ್ಗೆ, ಎರಡು ಗ್ಯಾಸ್ ಸಿಲಿಂಡರಿನ ಬಗ್ಗೆ, ಒಂದು ನನ್ನ ಬಗ್ಗೆ. ಎಲ್ಲ ಸೌಖ್ಯ, ಏನೂ ಚಿಂತೆಯಿಲ್ಲ ಎಂದೆ. ಅನ್ವಿತಾ ಫೋನು ಕಸಿದುಕೊಂಡು, ಪಪ್ಪಾ ಮೂರು ದಿನದಿಂದ ನಿದ್ದೆಯನ್ನೇ ಮಾಡಿಲ್ಲ ಎಂದಳು. ಮಕ್ಕಳು ಉತ್ಪ್ರೇಕ್ಷೆ ಮಾಡುತ್ತಾರೆ. ಎರಡೇ ದಿನ.

ನವೆಂಬರ್ 17, ಭಾನುವಾರ

ತುಳಸಿ ಪೂಜೆ ಕಳೆಯಿತು, ಮದುವೆಗಳು ಶುರು. ಈ ವರ್ಷ ಮಧ್ಯಾಹ್ನದ ಊಟಗಳನ್ನು ಮಾತ್ರ ಒಪ್ಪುತ್ತಿದ್ದೇನೆ, ಅದೂ ಶಾಲೆ ಬಿಡುವ ಹೊತ್ತಿಗೆ ಮನೆಗೆ ಮುಟ್ಟುವಷ್ಟು ದೂರದವು. ಉಪ್ಪುಂದ, ಬೈಂದೂರು, ವಂಡ್ಸೆ ಕಡೆಯವನ್ನೆಲ್ಲ ಜೊತೆಯಲ್ಲಿ ಬಡಿಸುವ ರತ್ನಾಕರನಿಗೆ ಬಿಟ್ಟುಕೊಟ್ಟೆ. ಮೊಣಕಾಲು ನೋವು ಕಾರಣ. ನಿನ್ನ ಮೊಣಕಾಲು ಬೈಂದೂರು ರಸ್ತೆಯಲ್ಲಿ ಮಾತ್ರ ನೋಯುವುದು ಹೇಗೆ ಎಂದು ರತ್ನಾಕರ ಕೇಳಿದ. ವೈದ್ಯಶಾಸ್ತ್ರದಲ್ಲಿ ಇನ್ನೂ ತಿಳಿಯದ್ದು ಬಹಳ ಇದೆ ಎಂದೆ.

ಸೀತು ನನ್ನ ಮೇಲೆ ಮುನಿಸಿಕೊಂಡಿದ್ದಾಳೆ. ತಿಂಗಳುಗಟ್ಟಲೆಯಿಂದ ಅವಳ ಡಬ್ಬಿ ಖಾಲಿ ಹೋಗುತ್ತಿದೆ. ಭಟ್ಟರ ಕೈ ಬಿಗಿಯಾಯಿತು ಎಂದು ಊರಲ್ಲಿ ಹೇಳಿಕೊಂಡು ಬರುತ್ತಾಳೆ. ಕೈ ಬಿಗಿಯಾದದ್ದಲ್ಲ, ಲೋಟ ಸರಿಯಾದದ್ದು. ಈಗ ಅಳೆಯುವಾಗ ನೋಡುವುದೂ ಇಲ್ಲ, ಕತ್ತಲಲ್ಲೂ ಒಂದೂವರೆ ಲೋಟ ತಪ್ಪುವುದಿಲ್ಲ.

ಅನ್ವಿತಾಳ ಭಾಷೆ ಕೆಟ್ಟಿದೆ, ಎಂದರೆ ನಮ್ಮ ಭಾಷೆಯಾಗಿದೆ. ಹಿಂದಿ ಕಡಿಮೆಯಾಗಿ "ಎಂತ", "ಅಲ್ದಾ" ಸೇರಿವೆ. ಬೆಳಿಗ್ಗೆ ಬಸ್ಸು ತಪ್ಪುತ್ತದೆಂದು ನಾನು ಕುಣಿಯುತ್ತಿದ್ದರೆ, ಅವಳು ಜಡೆಗೆ ರಿಬ್ಬನ್ ಕಟ್ಟುತ್ತ "ಸಾವಕಾಶ ಆಯ್ಲಿ" ಎನ್ನುತ್ತಾಳೆ. ನಿನ್ನೆ ಗೇಟಿನಿಂದ ಕೂಗಿದಳು: "ಅಪ್ಪಯ್ಯಾ, ನಾ ಬತ್ತೆ." ಯಾರ ಮನೆಯ ಮಗು ಯಾರನ್ನು ಕೂಗಿತು ಎಂದು ಒಮ್ಮೆ ಸುತ್ತ ನೋಡಿದೆ. ಎಣ್ಣೆಯಲ್ಲಿದ್ದ ಹಪ್ಪಳ ಕೆಂಪಾಗಿಹೋಯಿತು.

ಫೆಬ್ರವರಿ 18, 2025, ಮಂಗಳವಾರ

ಹೊಸ ವರ್ಷದ ಡೈರಿ ಬಂದಿದೆ, ಮುಖಪುಟದ ಗಣಪತಿ ಈ ಸಲ ಹಸಿರು. ಬರೆಯಲು ಪುರುಸೊತ್ತಾಗಿರಲಿಲ್ಲ. ಇಂದು ಬರೆಯಲೇಬೇಕು.

ಮೂಕಾಂಬಿಕಾ ಹೇಳಿದಳು: ಮೇ 30ಕ್ಕೆ ಅವಳ ವರ್ಷ ಮುಗಿಯುತ್ತದೆ. ಆದರೆ ಆಸ್ಪತ್ರೆಯ ಮುಖ್ಯಸ್ಥರು ಇನ್ನೂ ಆರು ತಿಂಗಳು ಇರುತ್ತೀರಾ ಎಂದು ಕೇಳಿದ್ದಾರೆ. ಅಲ್ಲಿಯ ಹನ್ನೆರಡು ಹೆಣ್ಣುಮಕ್ಕಳಿಗೆ ಅವಳು ದಾದಿಯ ಕೆಲಸ ಕಲಿಸುತ್ತಿದ್ದಾಳೆ. ಅವರಲ್ಲೊಬ್ಬಳು ಮೊನ್ನೆ ಮೊದಲ ಸಲ ಕೈ ನಡುಗದೆ ಸೂಜಿ ಚುಚ್ಚಿದಳಂತೆ. ಅದನ್ನು ಹೇಳುವಾಗ ಮೇಜರರ ದನಿ ಹಿಗ್ಗಿದ್ದು ನನಗೆ ಕೇಳಿಸಿತು. ಮಾರ್ಚ್ ಹತ್ತರೊಳಗೆ ಹೌದು ಅಥವಾ ಇಲ್ಲ ಎಂದು ಸಹಿ ಮಾಡಿ ಕೊಡಬೇಕು. "ಮನಿಯ ಮಾತ್ ಎಂತ ಅಂದ್ ಹೇಳಿ," ಎಂದಳು.

ನೋಡುವ ಎಂದೆ.

ನೋಡುವುದಕ್ಕೇನೂ ಇಲ್ಲ. ನನ್ನ ಉತ್ತರಕ್ಕೆ ಒಂದೇ ಅಕ್ಷರ: ಬಾ. ಆದರೆ ಹನ್ನೆರಡು ಹೆಣ್ಣುಮಕ್ಕಳು ಸೂಜಿ ಹಿಡಿದು ಕಾಯುತ್ತಿರುವಾಗ ಸಾಲಿಗ್ರಾಮದ ಹುಳಿ ಕುದಿಸುವವನೊಬ್ಬ ನನಗೆ ಬೇಸರ, ಬಾ ಎನ್ನುವುದು ಹೇಗೆ? ಆಸಾಡಿಯ ಗಂಡನಿಗೆ ಹನ್ನೆರಡು ತಿಂಗಳ ಅಧಿಕಾರ ಉಂಟಾ?

ಅನ್ವಿತಾ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗುಣಾಕಾರ ಚಿಹ್ನೆ ಹಾಕುತ್ತಾಳೆ. ಮೇ 30ರ ಸುತ್ತ ಕೆಂಪು ವೃತ್ತ. ಅವಳಿಗೆ ನಾನು ಏನೂ ಹೇಳಿಲ್ಲ.

ಫೆಬ್ರವರಿ 27, ಗುರುವಾರ

ಮೆಸೇಜ್ ಬರೆದೆ, ಅಳಿಸಿದೆ. ಮೊದಲನೆಯದು ಮದುವೆಯ ಆಮಂತ್ರಣದಂತಿತ್ತು: ತಾವು ಸಕಾಲಕ್ಕೆ ಆಗಮಿಸಿ. ಎರಡನೆಯದು ಜೀನಸಿ ಪಟ್ಟಿಯಂತಿತ್ತು. ಮೂರನೆಯದರಲ್ಲಿ ಗ್ಯಾಸ್ ಸಿಲಿಂಡರಿನ ವಿಷಯ ಮಾತ್ರ ಉಳಿಯಿತು, ಅದನ್ನೇ ಕಳಿಸಿದೆ.

ಮಾರ್ಚ್ 9, ಭಾನುವಾರ

ಬ್ರಹ್ಮಾವರದ ಕಲ್ಯಾಣಮಂಟಪದಲ್ಲಿ ಮದುವೆ. ಆರು ನೂರು ಎಲೆ. ಎರಡನೇ ಪಂಕ್ತಿಗೆ ಪಾಯಸ ಹೊರಟಿತ್ತು. ನಾನು ಸಾಲಿನ ಮಧ್ಯೆ ಕೈಮುಗಿದು ನಡೆಯುತ್ತಿದ್ದೆ. ಫೋನ್ ಬಂತು. ಭುಜ ಮತ್ತು ಕಿವಿಯ ಮಧ್ಯೆ ಸಿಕ್ಕಿಸಿಕೊಂಡೆ. ನಾದಸ್ವರ, ಮಕ್ಕಳ ಗಲಾಟೆ, ರತ್ನಾಕರನ "ಅನ್ನ, ಅನ್ನ". ಅದರ ಮಧ್ಯೆ ಅವಳ ದನಿ:

"ಹ್ವಾಯ್, ನಾಳಿಗೇ ಕಡೆ ದಿನ. ಎಂತ ಮಾಡುದ್? ಸೈನ್ ಹಾಕುದಾ?"

ಅದೇ ಹೊತ್ತಿಗೆ ಎದುರಿನ ಎಲೆಯ ಮಾಷ್ಟ್ರು ನನ್ನತ್ತ ತಲೆಯೆತ್ತಿದರು. ನನ್ನ ಬಾಯಿ ತನ್ನ ಕೆಲಸ ಮಾಡಿತು.

"ಸಾವಕಾಶ ಆಯ್ಲಿ," ಎಂದೆ. "ಎಂತ ಅವ್ಸರ ಇಲ್ಲೆ."

"ಸರಿ ಹಂಗಾರೆ," ಎಂದಳು. ಕಟ್ಟಾಯಿತು.

ಎಲೆಯ ಮಾಷ್ಟ್ರಿಗೆ ಹೇಳಿದೆನೋ, ಕಿವಿಯ ಹೆಂಡತಿಗೆ ಹೇಳಿದೆನೋ, ದೇವರಾಣೆ ನನಗೇ ಗೊತ್ತಿಲ್ಲ. ಆಮೇಲೆ ನಾಲ್ಕು ಸಲ ಫೋನ್ ಮಾಡಿದೆ. ಡ್ಯೂಟಿಯಲ್ಲಿರಬೇಕು, ಎತ್ತಲಿಲ್ಲ.

ಮಾರ್ಚ್ 10, ಸೋಮವಾರ

ಬೆಳಿಗ್ಗೆ ಮೆಸೇಜ್. "ಸೈನ್ ಹಾಕಿ ಕೊಟ್ಟೆ. ನವೆಂಬರ್ ಕಡೆಗೆ ಬತ್ತೆ. ನಿಮ್ಮ ಮನಸ್ಸು ದೊಡ್ಡದು."

ನಾನು ಅದನ್ನು ಓದುವಾಗ ರತ್ನಾಕರ ಹೆಗಲ ಮೇಲಿಂದ ಬಗ್ಗಿ ತಾನೂ ಓದಿದ. ಮಧ್ಯಾಹ್ನದೊಳಗೆ ನನ್ನ ದೊಡ್ಡ ಮನಸ್ಸಿನ ಸುದ್ದಿ ಸಾಲಿಗ್ರಾಮ ಪೇಟೆ ಮುಟ್ಟಿತು. ಜೀನಸಿ ಅಂಗಡಿಯವರು ಎದ್ದುನಿಂತು ಕುರ್ಚಿ ಕೊಟ್ಟರು. ದೇಶಕ್ಕಾಗಿ ಹೆಂಡತಿಯನ್ನು ಬಿಟ್ಟುಕೊಟ್ಟ ಗಂಡಸು ಎಂದು ಯಾರೋ ಯಾರಿಗೋ ನನ್ನನ್ನು ತೋರಿಸಿದರು. ನಾನು ಒಂದು ಕಿಲೋ ಉದ್ದು ಹಿಡಿದುಕೊಂಡು ಹುತಾತ್ಮನಂತೆ ನಿಂತಿದ್ದೆ.

ಮಾಷ್ಟ್ರಿಗೆ ಹೇಳಿದ ಮಾತು ಅದು ಎಂದು ಈಗ ಹೇಳಿದರೆ? ದೊಡ್ಡ ಮನಸ್ಸನ್ನು ವಾಪಸ್ ತೆಗೆದುಕೊಳ್ಳುವ ಕ್ರಮ ಯಾವ ಶಾಸ್ತ್ರದಲ್ಲೂ ಇಲ್ಲ. ಇರಲಿ, ಆರು ತಿಂಗಳೆಂದರೆ ಎಷ್ಟು. ಒಂದು ಮಳೆಗಾಲ, ಒಂದು ನವರಾತ್ರಿ, ಒಂದು ದೀಪಾವಳಿ. ಇನ್ನೊಂದು ಆಸಾಡಿ.

ಅನ್ವಿತಾಳಿಗೆ ನಾಳೆ ಹೇಳುತ್ತೇನೆ.

ಮಾರ್ಚ್ 13, ಗುರುವಾರ

ನಾನು ಹೇಳುವ ಮೊದಲೇ ಹೇಳಿಯಾಗಿತ್ತು. ಶ್ರೀಲತಾ ಅವಳ ತಲೆ ನೇವರಿಸಿ, ನಿನ್ನ ಅಪ್ಪಯ್ಯನಂಥವರು ಲಕ್ಷಕ್ಕೊಬ್ಬರು, ಅಮ್ಮ ಇನ್ನಾರು ತಿಂಗಳು ಇರಲಿ ಎಂದು ತಾವೇ ಹೇಳಿದರಂತೆ ಎಂದು ಕೊಂಡಾಡಿದ್ದಾರೆ.

ಕ್ಯಾಲೆಂಡರಿನಲ್ಲಿ ಗುಣಾಕಾರ ಚಿಹ್ನೆ ಹನ್ನೊಂದಕ್ಕೆ ನಿಂತಿದೆ.

ಊಟಕ್ಕೆ ಕೂತಳು. ಅನ್ನದ ಗುಡ್ಡೆಯಲ್ಲಿ ಬೆರಳಿನಿಂದ ಗುಳಿ ಮಾಡಿದಳು, ಸಾರು ಹಾಕಿಸಿಕೊಳ್ಳಲಿಲ್ಲ. ತಲೆ ತಗ್ಗಿಸಿಕೊಂಡೇ ಕೇಳಿದಳು:

"ಅಮ್ಮ ಬಪ್ಪುದ್ ನಿಮ್ಗ್ ಬ್ಯಾಡ್ದಾ, ಪಪ್ಪಾ?"

ಸೌತೆಕಾಯಿ ಸಾಸ್ವೆ ಇನ್ನೂ ಸ್ವಲ್ಪ ಹಾಕಲಾ ಎಂದು ನಾನು ಕೇಳಿದೆ. ಅವಳು ಕೈತೊಳೆಯಲು ಎದ್ದಳು.

ಒಂದೂವರೆ ಲೋಟದಲ್ಲಿ ಮುಕ್ಕಾಲು ಪಾಲು ಉಳಿಯಿತು. ಸೀತುವಿನ ಡಬ್ಬಿ ತುಂಬಿತು. ಅವಳು ಡಬ್ಬಿಯನ್ನು ನೋಡಿ, ಮನೆಯಲ್ಲಿ ಯಾರಿಗೆ ಹುಷಾರಿಲ್ಲ ಎಂದು ಕೇಳಿದಳು.

ಪಪ್ಪಾ ಎಂದಳು. ನವೆಂಬರಿನಿಂದ ಅಪ್ಪಯ್ಯ ಎನ್ನುತ್ತಿದ್ದಳು. ಇದನ್ನು ಯಾಕೆ ಬರೆದೆನೋ.

ಮಾರ್ಚ್ 16, ಭಾನುವಾರ

ಇವತ್ತು ಮೂಕಾಂಬಿಕಾಗೆ ರಜೆ, ನನಗೂ ಮದುವೆಯಿಲ್ಲ. ಹತ್ತು ಗಂಟೆಗೆ ಫೋನ್ ಮಾಡಿದೆ. ಏನು ಹೇಳಬೇಕೆಂದು ಡೈರಿಯ ಹಿಂದಿನ ಹಾಳೆಯಲ್ಲಿ ಬರೆದುಕೊಂಡಿದ್ದೆ. ಕನ್ನಡಕ ಸಿಗಲಿಲ್ಲ.

ಅವತ್ತು ಸಾವಕಾಶ ಎಂದದ್ದು ನಿನಗಲ್ಲ ಎಂದೆ.

"ಮತ್ಯಾರಿಗೆ?"

"ಎದ್ರ್ ಎಲಿಲ್ ಕೂತ ಮಾಷ್ಟ್ರಿಗೆ."

ಆ ಕಡೆ ನಗು ಶುರುವಾಯಿತು. ನಕ್ಕು ನಕ್ಕು ಕೆಮ್ಮು ಬಂತು. ಮಾಷ್ಟ್ರಿಗೆ ಹೇಳಿದ್ದನ್ನು ಕೇಳಿ ತಾನು ವಿಶ್ವಸಂಸ್ಥೆಯ ಕಾಗದಕ್ಕೆ ಸಹಿ ಹಾಕಿದೆನಾ ಎಂದಳು. ನಾನೂ ನಗಬೇಕೆಂದಿದ್ದೆ. ಬರಲಿಲ್ಲ. ಅವಳೂ ನಿಲ್ಲಿಸಿದಳು.

ಆಗ ಹೇಳಿದೆ. ಬರೆದುಕೊಂಡದ್ದಲ್ಲ, ಬೇರೆಯೇ ಬಂತು.

"ಸಾವಕಾಶ ಅಂಬುದ್ ಎಲಿ ಮುಂದ್ ಕೂತವ್ರಿಗ್ ಹೇಳುದ್. ನೀ ಇನ್ನೂ ಬಂದೇ ಇಲ್ಲೆ. ಎಲಿ ಹಾಕಿತ್ತ್. ಬಾ."

ಇಪ್ಪತ್ತೆರಡು ವರ್ಷದಲ್ಲಿ ಲಕ್ಷಾಂತರ ಜನರನ್ನು ಊಟಕ್ಕೆ ಎಬ್ಬಿಸಿದ ಬಾಯಿ ಇದು. ಇಷ್ಟಕ್ಕೆ ಬೆವರಿತು.

ಅವಳು ತುಂಬ ಹೊತ್ತು ಸುಮ್ಮನಿದ್ದಳು. ಹೆಸರಿಗೆ ತಕ್ಕಂತೆ ಇದ್ದದ್ದು ಇದೇ ಮೊದಲು. ಆಮೇಲೆ ಮೆಲ್ಲಗೆ, "ಹನ್ನೆರಡ್ ವರ್ಷಕ್ ಒಂದ್ಸಲ ಬಾ ಅಂದ್ರಿ," ಎಂದಳು.

ಸಹಿ ಸಹಿಯೇ, ಖಾತ್ರಿ ಹೇಳಲಾರೆ ಎಂದಳು. ಕೇರಳದ ಇನ್ನೊಬ್ಬ ಮೇಜರ್ ಇದ್ದಾರಂತೆ, ಅವರಿಗೆ ಆ ಆರು ತಿಂಗಳು ಬೇಕಿತ್ತಂತೆ. ಹುಡುಗಿಯರಿಗೂ ಅವರ ಪರಿಚಯವಿದೆ. ಮುಖ್ಯಸ್ಥರು ಒಪ್ಪಿದರೆ ಕಾಗದ ತಿರುಗಬಹುದು. ತಿರುಗದಿದ್ದರೆ ನವೆಂಬರ್. "ತಿರ್ಗದಿದ್ರೂ ನಿಮ್ ಬಾಯಲ್ ಇದ್ ಕೇಂಡಾಯ್ತಲೆ," ಎಂದಳು.

ಫೋನ್ ಇಟ್ಟು ತಿರುಗಿದರೆ ಅಡುಗೆಮನೆಯ ಬಾಗಿಲಲ್ಲಿ ಅನ್ವಿತಾ. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಪೆನ್ನು ತೆಗೆದುಕೊಂಡು ಕ್ಯಾಲೆಂಡರಿನ ಹತ್ತಿರ ಹೋಗಿ, ಬಾಕಿಯಿದ್ದ ಐದು ದಿನಕ್ಕೂ ಒಟ್ಟಿಗೆ ಚಿಹ್ನೆ ಹಾಕಿದಳು. ಆಮೇಲೆ, "ಅಪ್ಪಯ್ಯ, ಉಂಬ," ಎಂದಳು. ಗಂಟೆ ಹನ್ನೊಂದು ಸಹ ಆಗಿರಲಿಲ್ಲ. ಬಡಿಸಿದೆ.

ಏಪ್ರಿಲ್ 4, ಶುಕ್ರವಾರ

ಕಾಗದ ತಿರುಗಿತು. ಮೇ 30. ಕೇರಳದ ಮೇಜರರಿಗೆ ಭಗವಂತ ಆಯುಸ್ಸು, ಆರೋಗ್ಯ ಮತ್ತು ಒಳ್ಳೆಯ ಅಡುಗೆಯವರನ್ನು ಕೊಡಲಿ.

ನನ್ನ ದೊಡ್ಡ ಮನಸ್ಸು ಇಂದಿನಿಂದ ಮೊದಲಿನ ಗಾತ್ರಕ್ಕೆ ಇಳಿದಿದೆ. ರತ್ನಾಕರನಿಗೆ ಸ್ವಲ್ಪ ನಿರಾಶೆ. ಜೀನಸಿ ಅಂಗಡಿಯಲ್ಲಿ ಕುರ್ಚಿ ಇಲ್ಲ, ಉದ್ದು ನಿಂತುಕೊಂಡೇ ತಂದೆ.

ಜೂನ್ 1, 2025, ಭಾನುವಾರ

ಬೆಳಗಿನ ರೈಲಿಗೆ ಕುಂದಾಪುರದಲ್ಲಿ ಇಳಿದಳು. ಸಪೂರವಾಗಿದ್ದಾಳೆ, ಬಿಸಿಲಿಗೆ ಮೂಗು ಸುಲಿದಿದೆ. ಅನ್ವಿತಾ ಪ್ಲಾಟ್‌ಫಾರ್ಮಿನಲ್ಲಿ ಓಡಿ, ಹತ್ತಿರ ಹೋದ ಮೇಲೆ ನಾಚಿಕೊಂಡು ನಿಂತಳು. ಅಮ್ಮನಿಗಿಂತ ಎರಡು ಬೆರಳಷ್ಟೇ ಗಿಡ್ಡ ಈಗ. ಮೂಕಾಂಬಿಕಾ ಅವಳನ್ನು ಅಳೆದು ನೋಡಿ, ತನ್ನ ನೀಲಿ ಟೋಪಿಯನ್ನು ಅವಳ ತಲೆಗೆ ಹಾಕಿದಳು. ನನಗೆ ಚೀಲ ಕೊಟ್ಟಳು.

ಇಂದಿನ ಊಟಕ್ಕೆ ಮೂರು ದಿನದಿಂದ ಪಟ್ಟಿ ಹಾಕಿದ್ದೆ. ಬಾಳೆದಿಂಡಿನ ಸಾಸ್ವೆ, ಮಾವಿನಹಣ್ಣಿನ ಗೊಜ್ಜು, ಒಂದೆಲಗದ ತಂಬುಳಿ, ಗುಳ್ಳ ಬದನೆಯ ಹುಳಿ, ಎರಡು ಪಲ್ಯ, ಪತ್ರೊಡೆ, ಹಯಗ್ರೀವ, ಹೋದ ಆಸಾಡಿಯಿಂದ ಉಳಿಸಿಟ್ಟ ಹಲಸಿನ ಹಪ್ಪಳ. ಒಂದು ವರ್ಷದಿಂದ ಕುಚ್ಚಲಕ್ಕಿ ಕಂಡಿಲ್ಲ, ಅದನ್ನೇ ಮಾಡಿ ಎಂದು ಅವಳು ರೈಲಿನಿಂದಲೇ ಹೇಳಿದ್ದಳು. ಹೊರಡುವ ಮೊದಲು ಅದನ್ನೂ ಬೇಯಿಸಿ ಇಳಿಸಿದ್ದೆ. ಮೂರು ಎಲೆ ಹಾಕಿದೆ. ಅವಳ ಎಲೆಯ ಮುಂದೆ ಕೈಮುಗಿದು ಹೇಳಬೇಕಾದ್ದನ್ನು ಹೇಳಿದೆ. ಈ ಸಲ ಯಾರಿಗೆ ಹೇಳಿದೆ ಎಂಬ ಅನುಮಾನ ಯಾರಿಗೂ ಬರಲಿಲ್ಲ.

ಅವಳು ತಂಬುಳಿಗೆ ಒಮ್ಮೆ, ಹುಳಿಗೆ ಒಮ್ಮೆ ಅನ್ನ ಹಾಕಿಸಿಕೊಂಡಳು. ಅನ್ವಿತಾ ಎರಡು ಸಲ. ನನ್ನ ಎಲೆಯಲ್ಲಿ ಉಪ್ಪು, ಉಪ್ಪಿನಕಾಯಿ, ಪಲ್ಯ ಎಲ್ಲ ಸಾಲಾಗಿ ಕಾಯುತ್ತಿದ್ದವು. ಕೊನೆಗೆ ನನಗೆಂದು ಸೌಟು ಹಾಕಿದೆ.

ಟಣ್ ಎಂದಿತು.

ಇಪ್ಪತ್ತೆರಡು ವರ್ಷದಲ್ಲಿ, ಪಂಕ್ತಿ ಕೂತಿರುವಾಗ ನಾನು ಆ ಶಬ್ದ ಕೇಳಿದ್ದಿಲ್ಲ. ಪಾತ್ರೆಯೊಳಗೆ ಬಗ್ಗಿ ನೋಡಿದೆ. ತಳ ನನ್ನನ್ನೇ ನೋಡುತ್ತಿತ್ತು. ಒಲೆಯ ಪಕ್ಕದಲ್ಲಿ ಲೋಟ. ಸಾಸ್ವೆಗೆ ಲೆಕ್ಕ ಹಾಕಿದ್ದೆ, ಹಪ್ಪಳಕ್ಕೆ ಹಾಕಿದ್ದೆ, ಅನ್ನಕ್ಕೆ ಹಾಕಿರಲಿಲ್ಲ. ಬೆಳಿಗ್ಗೆ ಕೈ ತನ್ನಷ್ಟಕ್ಕೆ ಹೋಗಿ ಒಂದೂವರೆ ಲೋಟ ಅಳೆದು ಬಂದಿತ್ತು.

"ಹೊಳ್ಳರ ಅಡಿಗೆಲ್ ಅನ್ನ ಕಮ್ಮಿ ಬಿತ್ತಾ?" ಎಂದಳು ಮೂಕಾಂಬಿಕಾ. ನಗುತ್ತಿದ್ದವಳು ಲೋಟವನ್ನು ಕಂಡು ಗುರುತು ಹಿಡಿದಳು. ನಗು ಪೂರ್ತಿಯಾಗಲಿಲ್ಲ. ಎಡಗೈ ಚಾಚಿ ತೆಗೆದು, ಅಂಚಿನ ತಗ್ಗನ್ನು ಹೆಬ್ಬೆರಳಿನಿಂದ ಸವರಿ ನನಗೆ ಕೊಟ್ಟಳು.

ನಾನು ಅಕ್ಕಿ ಡಬ್ಬಿ ತೆರೆದೆ. ಅನ್ವಿತಾ ಎಲೆಯ ಮುಂದಿನಿಂದಲೇ ಕೇಳಿದಳು: "ಅಮ್ಮಾ, ಮೂರ್ ಜನಕ್ ಎಷ್ಟ್ ಲೋಟ?"

ಮೂಕಾಂಬಿಕಾ ಬೆರಳಿನಲ್ಲಿ ಲೆಕ್ಕ ಹಾಕಲು ಹೋಗಿ ಬಿಟ್ಟಳು. ನನ್ನನ್ನು ನೋಡಿದಳು. ನಾನು ಲೋಟವನ್ನು ನೋಡಿದೆ. ಬೆಳಗಾವಿಯಲ್ಲಿ ಅದು ಅವರಿಬ್ಬರದು, ಇಲ್ಲಿ ನಮ್ಮಿಬ್ಬರದು. ನಾನು ಹೋದ ಆಸಾಡಿಗಳಲ್ಲಿ ನನ್ನ ಸೇರಿನ ಲೆಕ್ಕ, ಅದನ್ನು ಯಾರೂ ಮುಟ್ಟಿರಲಿಲ್ಲ.

"ಗೊತ್ತಿಲ್ಲೆ," ಎಂದಳು. "ಹಾಕಿ ಕಾಂಬ." ಹಾಕಿ ನೋಡಲು ನಾನು ಒಲೆ ಹಚ್ಚಿದೆ.

ಕುಚ್ಚಲಕ್ಕಿ ಬೇಯಲು ಮುಕ್ಕಾಲು ಗಂಟೆ ಬೇಕು. ನೀವು ಏಳಿ, ಕೈತೊಳೆಯಿರಿ, ಎಂಜಲು ಕೈ ಒಣಗುತ್ತದೆ ಎಂದೆ. ಅನ್ವಿತಾ ನೀಲಿ ಟೋಪಿಯ ಕೆಳಗಿನಿಂದ ನನ್ನತ್ತ ನೋಡಿ, ಕೈಮುಗಿದು, ಥೇಟ್ ನನ್ನ ದನಿಯಲ್ಲಿ "ಸಾವಕಾಶ ಆಯ್ಲಿ" ಎಂದಳು.

ನಾನೂ ಹೋಗಿ ನನ್ನ ಎಲೆಯ ಮುಂದೆ ಕೂತೆ. ಒಲೆಯ ಮೇಲೆ ಎರಡನೇ ಅನ್ನ ಬೇಯುತ್ತಿತ್ತು. ಮೂಕಾಂಬಿಕಾ ಸೀತುವಿನ ಸೊಸೆಯಂದಿರ ವಿಷಯ ಎಲ್ಲಿಗೆ ಬಂತು ಎಂದು ಕೇಳಿದಳು. ಮುಕ್ಕಾಲು ಗಂಟೆ ಕಳೆಯುವವರೆಗೂ ಯಾರೂ ಎಲೆ ಬಿಟ್ಟು ಏಳಲಿಲ್ಲ.